ಹೆಸರಿನ ಕುರಿ

ಆಗೆಲ್ಲ ನಮ್ಮ ಓಣಿಯಲ್ಲಿ ಕೂಸಿನ ಜವಳ ತೆಗೆಸುವ ದಿನ ಸೋದರಮಾವ ಬರಿಗೈಯಲ್ಲಿ ಬರುತ್ತಿರಲಿಲ್ಲ. ಬೋಳು ತಲೆಗೆ ಅರಿಷಿಣ ಹಚ್ಚಿ ಕಂಬಳಿಯ ಮೇಲೆ ಕೂರಿಸಿದ ಕೂಸಿನ ಪಕ್ಕದಲ್ಲಿ ಒಂದು ಹೆಣ್ಣು ಮರಿಯನ್ನು ತಂದು ನಿಲ್ಲಿಸುತ್ತಿದ್ದ. ಅವತ್ತಿನಿಂದ ಆ ಮರಿ ಕೂಸಿನದು. ಮುಂದೆ ಅದು ಈದ ಮರಿಗಳೂ ಕೂಸಿನವೇ. ಕೂಸು ಗಂಡಾಗಲಿ, ಹೆಣ್ಣಾಗಲಿ. ಎಪ್ಪತ್ತರ ದಶಕದಲ್ಲಿ ಗಬ್ಬೂರಿನ ಹತ್ತಿರದ ಕುರುಬರ ಓಣಿಯಲ್ಲಿ ಬೆಳೆದ ನಮಗೆ ಆಟಿಕೆ ಇರಲಿಲ್ಲ, ಕಾಲಿಗೆ ಚಪ್ಪಲಿ ಇರಲಿಲ್ಲ. ಹೆಸರಿನ ಕುರಿ ಮಾತ್ರ ಪ್ರತಿಯೊಬ್ಬರಿಗೂ ಇತ್ತು.

ಇದನ್ನು ಬರೆಯಲು ಕಾರಣವಿದೆ. "ಇಂಥ ಮನೆಗಳಲ್ಲಿ ಮಕ್ಕಳಿಗೆ ಏನೂ ಸಿಗುವುದಿಲ್ಲ, ಎಲ್ಲವನ್ನೂ ಶಾಲೆಯೇ ಕೊಡಬೇಕು" ಎಂಬ ಭಾಷಣವನ್ನು ರಾಯಚೂರಿನ ಸಭೆಗಳಲ್ಲಿ ಸಾಕುಸಾಕೆನ್ನುವಷ್ಟು ಕೇಳಿದ್ದೇನೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಆದ್ದರಿಂದ ಗಟ್ಟಿಯಾಗಿ ಹೇಳುತ್ತೇನೆ, ಅದು ಸುಳ್ಳು.

ನನ್ನ ಬೀರಪ್ಪ ಮಾವ ನನಗೆ ಕೊಟ್ಟದ್ದು ಕರಿ ಮರಿ. ನಾನು ಏಳನೆಯ ಇಯತ್ತೆಗೆ ಬರುವಷ್ಟರಲ್ಲಿ ಅದು ಅಜ್ಜಿಯಾಗಿತ್ತು. ಅದರ ಮಕ್ಕಳು ಮೊಮ್ಮಕ್ಕಳ ಕಿವಿಗೆ ಉಣ್ಣಿ ಹತ್ತಿದರೆ ಕೀಳುವವಳು ನಾನು. ಹೊಟ್ಟೆ ಉಬ್ಬಿದರೆ ಅಜಿವಾನ ಜಜ್ಜಿ ಬೆಲ್ಲದ ಜೊತೆ ಬಾಯಿಗೆ ತುರುಕುವವಳೂ ನಾನೇ. ಬೆರಳಿಗೆ ಹತ್ತಿದ ಆ ಉಣ್ಣೆ, ಹಿಕ್ಕೆ, ಅಜಿವಾನದ ವಾಸನೆ ಶಾಲೆಯ ಬಳಪಕ್ಕೂ ಅಂಟುತ್ತಿತ್ತು.

ಭತ್ತ ಕೊಯ್ದ ಮೇಲೆ ಗದ್ದೆಯ ಕೂಳೆ ಮೇಯಿಸಲು ಕುರಿ ಹೊಡೆದುಕೊಂಡು ಮಾನ್ವಿ ಕಡೆ ಹೋಗುವುದು ನಮ್ಮ ರೂಢಿ. ಒಂದು ವರ್ಷ ನನ್ನ ಕುರಿಗಳು ಗದ್ದೆ ಬಿಟ್ಟು ಪಕ್ಕದ ಸೇಂಗಾ ಹೊಲಕ್ಕೆ ನುಗ್ಗಿಬಿಟ್ಟವು. ಹೊಲದ ಗೌಡ ಕೋಲು ಹಿಡಿದು ಅಪ್ಪನ ಮೇಲೆ ಬಂದ. ಅಪ್ಪ ಬೀಡಿ ಆರಿಸಿ ನನ್ನ ಕಡೆ ಕೈ ಮಾಡಿದ.

"ಅವು ಆಕಿ ಕುರಿ ರೀ. ಆಕೀನ್ನ ಕೇಳ್ರಿ."

"ಚಾಷ್ಟಿ ಮಾಡಾಕತ್ತೀಯೇನಲೇ? ಇನ್ನಾ ಮೂಗು ಒರಿಸ್ಕೊಳ್ಳಾಕ ಬರಂಗಿಲ್ಲ ಅದಕ್ಕ!"

"ಮೂಗು ಸೋರಿದ್ರೇನಾತು? ಕುರಿ ಆಕಿವು, ತಪ್ಪೂ ಆಕೀದು."

ಗೌಡ ನನ್ನನ್ನು ಮೇಲೆ ಕೆಳಗೆ ನೋಡಿದ. ದಂಡವೆಂದು ಮರುದಿನ ಸಂಜೆಯವರೆಗೆ ಅವನ ಆಳುಗಳ ಜೊತೆ ಕೂತು ಸೇಂಗಾ ಬಿಡಿಸಿದೆ. ಉಗುರಿನ ಸಂದಿಯಲ್ಲಿ ರಕ್ತ ಬಂತು. ಹೋಗುವಾಗ ಗೌಡನ ಹೆಂಡತಿ ಉಡಿ ತುಂಬ ಸೇಂಗಾ ಹಾಕಿ, "ಒಡತಿ ಅಂದ್ರ ಹಿಂಗಿರಬೇಕು ನೋಡು" ಎಂದು ನಕ್ಕಳು. ಅಳು ಬಂದಿತ್ತು, ಆದರೆ ಆ ಮಾತಿಗೆ ಎದೆ ಉಬ್ಬಿತ್ತು.

ಏಳನೆಯದು ಪಾಸಾದಾಗ ಮಾಸ್ತರರು ದೇವದುರ್ಗದ ಹೈಸ್ಕೂಲಿಗೆ ಕಳಿಸಿ ಎಂದರು. ಅಲ್ಲಿ ಪರಿಚಯದವರ ಮನೆಯಲ್ಲಿ ಇರಬಹುದಿತ್ತು. ಆದರೆ ಕಾಳುಕಡಿ, ಹಾಸಿಗೆ, ಅಂಗಿ, ಪುಸ್ತಕ ಎಲ್ಲಿಂದ ತರುವುದು? ನಾನು ಹಿಂದೆಮುಂದೆ ನೋಡಲಿಲ್ಲ. "ನನ್ನ ಕುರಿ ಮಾರೋಣು" ಎಂದೆ.

ಸುದ್ದಿ ಮಾವನಿಗೆ ಮುಟ್ಟಿತು. ಬಂದವನೇ ಕಂಬಳಿಯ ಮೇಲೆ ಕೂತು, ಅವ್ವ ಬಡಿಸಿದ ರೊಟ್ಟಿ, ಪುಂಡಿಪಲ್ಯ ಪೂರ್ತಿ ಉಂಡು, ಕೈ ತೊಳೆದು ಮಾತು ತೆಗೆದ.

"ಭಾವಾ, ಮರಿ ಕೊಟ್ಟಾಂವ ನಾನು. ನಾಳೆ ಕುರೀನೂ ಹುಡುಗೀನೂ ಕೂಡೇ ನಮ್ಮ ಮನೀಗೆ ಬರಬೇಕಾದವು. ನನ್ನ ಮಗ ಮೀಸಿ ಬಿಡಾಕತ್ತಾನ. ಈಗ ಕುರಿ ಮಾರಿ ಸಾಲಿಗೆ ಹಾಕತೀನಂದ್ರ ಏನರ್ಥ?"

ಅಪ್ಪ ನೆಲ ನೋಡಿದ. ಗೌಡನ ಎದುರು ನನ್ನ ಕಡೆ ಕೈ ಮಾಡಿದ ಅದೇ ಅಪ್ಪ. ನನಗೆ ಸಿಟ್ಟು ನೆತ್ತಿಗೇರಿತು.

"ಯಪ್ಪಾ, ಸೇಂಗಾ ತಿಂದಾಗ ಕುರಿ ನನ್ನವು. ಮಾರತೀನಂದಾಗ ಯಾರವು?"

"ಬಾಯಿ ಬಾಳ ಆಗ್ಯಾದ ಇದಕ್ಕ" ಎಂದ ಮಾವ. "ನಾಕಕ್ಷರ ಕಲ್ತಿದ್ದಕ್ಕ ಹಿಂಗ!"

ಒಲೆಯ ಮುಂದಿದ್ದ ಅವ್ವ ಎದ್ದು ಬಂದಳು. "ಯಣ್ಣಾ, ಆ ಬಾಯಿ ಸಾಲ್ಯಾಗ ಕಲ್ತದ್ದಲ್ಲ. ಕುರಿ ಹಿಂದ ಕಲ್ತದ್ದು. ನೀ ಜವಳದ ದಿನ ಮರಿ ಕೊಟ್ಯೋ, ಸೊಸೀಗೆ ಮುಂಗಡ ಕೊಟ್ಯೋ? ಹೇಳಿಬಿಡು."

ಮಾವ ರುಮಾಲು ಸುತ್ತಿಕೊಂಡು ಎದ್ದ. "ಸಂತ್ಯಾಗ ಯಾರು ತಗೋತಾರ ನಾನೂ ನೋಡತೀನಿ" ಎಂದು ಹೋದ.

ದೇವದುರ್ಗದ ಸಂತೆಗೆ ಮಾವ ನಮಗಿಂತ ಮೊದಲೇ ಬಂದಿದ್ದ. ವ್ಯಾಪಾರಿಗಳ ಕಿವಿಯಲ್ಲಿ ಅದೇನು ಊದಿದನೋ, ನಮ್ಮ ಕುರಿಗಳ ಬೆನ್ನು ಹಿಸುಕಿ ನೋಡಿದವರೆಲ್ಲ ಮಾತಾಡದೆ ಮುಂದೆ ಹೋದರು. ಬಿಸಿಲು ಏರಿತು. ಮಿರ್ಚಿ ಭಜಿಯ ವಾಸನೆಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಈ ಕುರಿ ಹೋಗದಿದ್ದರೆ ನನ್ನ ಓದು ಇಲ್ಲಿಗೇ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು.

ಕೊನೆಗೆ ಮಹಬೂಬ ಚಾಚಾ ಬಂದರು. ಅಪ್ಪ ಹಿಂದಿನಿಂದಲೂ ಕುರಿ ಕೊಡುತ್ತಿದ್ದುದು ಅವರಿಗೇ. ಮಾವ ಅಡ್ಡ ನಿಂತ. "ಚಾಚಾ, ಇದು ಮನಿ ಜಗಳ. ನೀ ನಡುವ ಬರಬ್ಯಾಡ."

"ಜಗಳ ನಕ್ಕೋ ಬಾವಾ, ಬ್ಯಾಡ. ಸಂತಿಗೆ ಬಂದದ್ದು ಕುರಿ" ಎಂದು ಚಾಚಾ ಅಪ್ಪನ ಕಡೆ ತಿರುಗಿದರು. "ಕುರಿ ಯಾರವು ಹೇಳಪ್ಪಾ?"

ಅಪ್ಪ ಮಾವನನ್ನು ನೋಡಿದ. ನನ್ನನ್ನು ನೋಡಿದ. ಆಮೇಲೆ "ನನ್ನ ಮಗಳವು" ಎಂದ.

ಚಾಚಾ ಹೆಗಲ ಮೇಲಿನ ವಸ್ತ್ರ ತೆಗೆದು ತಮ್ಮ ಕೈಮೇಲೆ ಹೊದಿಸಿ ನನ್ನ ಮುಂದೆ ಚಾಚಿದರು. ನಮ್ಮ ಕಡೆ ದನಕುರಿಯ ಬೆಲೆ ಬಾಯಲ್ಲಿ ಹೇಳುವುದಿಲ್ಲ. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ಹೆಣ್ಣುಮಗಳೊಬ್ಬಳು ಹಾಗೆ ಕೈ ಕೊಟ್ಟದ್ದನ್ನು ಆ ಸಂತೆ ನೋಡಿರಲಿಲ್ಲ.

"ಚಾಚಾ, ಬಳಿ ತೊಟ್ಟ ಕೈ ಹಿಡಿಯಾಕತ್ತೀಯಲ್ಲೋ!" ಎಂದು ಯಾರೋ ಕೂಗಿದರು. ನಗು ಎದ್ದಿತು.

"ಮೊಮ್ಮಗಳಂಥಾಕಿ ಅದಾಳ. ಬಾಯಿ ತೊಳ್ಕೊಳ್ರಿ ಮೊದಲ" ಎಂದರು ಚಾಚಾ, ತಿರುಗಿಯೂ ನೋಡದೆ.

ನಾನು ಕೈ ಒಳಗಿಟ್ಟೆ. ಬೆರಳಿನ ಈ ಲೆಕ್ಕವನ್ನು ಅಪ್ಪ ಕಂಬಳಿಯೊಳಗೆ ಆಟವಾಡಿಸುತ್ತಲೇ ಕಲಿಸಿದ್ದ. ಚಾಚಾ ಹಿಡಿದ ಬೆರಳಿನ ಬೆಲೆ ಕಡಿಮೆಯಾಯಿತು. ಕೊಡವಿ ನನ್ನ ಲೆಕ್ಕ ಹಿಡಿದೆ. ಅವರು ಹಿಂಡಿದರು, ನಾನು ಬಿಡಲಿಲ್ಲ. "ಅರೆ ಬೇಟಿ, ಬೆರಳು ಮುರದೀಯೇನು!" ಎಂದು ಚಾಚಾ ನಕ್ಕರು. ವ್ಯಾಪಾರ ಕುದುರಿತು. ಎಷ್ಟಕ್ಕೆ ಎಂದು ಇವತ್ತಿಗೂ ಯಾರಿಗೂ ಹೇಳಿಲ್ಲ. ವಸ್ತ್ರದೊಳಗಿನ ಮಾತು ಹೊರಗೆ ಹೇಳಬಾರದು.

ಮುದಿ ಕರಿ ಕುರಿಯನ್ನು ಅವ್ವನ ಬಳಿ ಬಿಟ್ಟು ಬಂದಿದ್ದೆ. ಉಳಿದವೆಲ್ಲ ಚಾಚಾರ ಹಿಂದೆ ಹೊರಟವು. ಒಂದು ಎಳೆಯ ಮರಿ ಮಾತ್ರ ಓಡಿಬಂದು ನನ್ನ ಲಂಗ ಕಚ್ಚಿತು. ಅದನ್ನು ಎತ್ತಿ ಮತ್ತೆ ಹಿಂಡಿಗೆ ಸೇರಿಸಿದ್ದು ನಾನೇ. ಅಷ್ಟು ಕಠಿಣವಾದ ಪರೀಕ್ಷೆಯನ್ನು ಆಮೇಲೆ ಯಾವ ಕಾಲೇಜೂ ನನಗೆ ಕೊಡಲಿಲ್ಲ.

ದೇವದುರ್ಗದಲ್ಲಿ ಹೈಸ್ಕೂಲು, ರಾಯಚೂರಿನಲ್ಲಿ ಬಿ.ಎ. ಮುಗಿಸಿದೆ. ಮಾವ ಸಾಯುವವರೆಗೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅವನ ಹಟ ಅವನಿಗೆ, ನನ್ನದು ನನಗೆ. ಹಟವನ್ನು ಕೊಟ್ಟದ್ದೂ ಅದೇ ಓಣಿಯೇ. ನನ್ನನ್ನು ತಡೆದವರೂ ನಮ್ಮವರು, ತಡೆದರೆ ಎದುರು ನಿಲ್ಲುವ ಹಾಗೆ ಬೆಳೆಸಿದವರೂ ನಮ್ಮವರು. ಎರಡನೆಯದನ್ನು ಮುಚ್ಚಿಟ್ಟು ಮೊದಲನೆಯದನ್ನಷ್ಟೇ ಹೇಳುವವರ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ.

ಈಚೆಗೆ ಜಾಲಹಳ್ಳಿಯಲ್ಲಿ ತಮ್ಮನ ಮೊಮ್ಮಗಳ ಜವಳಕ್ಕೆ ಹೋಗಿದ್ದೆ. ಶಾಮಿಯಾನ, ಬಲೂನು, ಕೇಕು ಎಲ್ಲವೂ ಇತ್ತು. ಸೋದರಮಾವ ಬ್ಯಾಟರಿ ಕಾರು ತಂದಿದ್ದ.

"ಮರಿ ತರಲಿಲ್ಲೇನಪ್ಪಾ?" ಎಂದೆ.

"ಎಲ್ಲಿ ಕಟ್ಟೋದಮ್ಮಾ? ಯಾರು ಮೇಸೋರು?" ಎಂದ. ತಪ್ಪು ಅವನದಲ್ಲ. ಕಾಲುವೆ ನೀರು ಬಂದು ಬೀಳು ಹೊಲಗಳೆಲ್ಲ ಗದ್ದೆಯಾಗಿವೆ. ಹಟ್ಟಿಯಿದ್ದ ಜಾಗದಲ್ಲಿ ಮನೆಗಳೆದ್ದಿವೆ. ನನ್ನ ಸ್ವಂತ ಮಗಳ ಹೆಸರಿನಲ್ಲೂ ರಾಯಚೂರಿನಲ್ಲಿ ಒಂದು ಸೈಟಿದೆ. ಸಹಿ ಮಾಡುವ ದಿನದವರೆಗೆ ಅದು ಅವಳಿಗೇ ಗೊತ್ತಿರಲಿಲ್ಲ.

ಬೋಳು ತಲೆಯ ಆ ಕೂಸು ಉಡುಗೊರೆಗಳ ನಡುವೆ ನಿದ್ದೆ ಹೋಗಿತ್ತು. ಬೇಕಾದ್ದು, ಬೇಡವಾದ್ದು ಎಲ್ಲವೂ ಅದಕ್ಕೆ ಬಂದಿತ್ತು. ನಾಳೆ ಯಾರ ಎದುರಿಗಾದರೂ ನಿಂತು "ಇದು ನಂದು" ಎಂದು ಜಗಳವಾಡಬೇಕಾದಂಥದು ಮಾತ್ರ ಅದರಲ್ಲಿ ಒಂದೂ ಇರಲಿಲ್ಲ.