ಮಲ್ಲಣ್ಣ ಬೇಡಿಕೊಂಡ ಜಾಮ್

ಸರಕಾರಿ ಕಚೇರಿಯವರ ಬಾಯಲ್ಲಿ ‘ನಾಳೆ ಬನ್ನಿ’ ಹೇಗೋ, ಲಾರಿ ಓಡಿಸುವವರ ಬಾಯಲ್ಲಿ ‘ಜಾಮ್ ಆಗಿತ್ತು’ ಹಾಗೆ. ಕೇಳಿದವರು ನಂಬುವುದಿಲ್ಲ, ಹೇಳಿದವರೂ ಬಿಡುವುದಿಲ್ಲ. ಕಲಬುರಗಿಯ ಶಹಾಬಜಾರದ ಮಲ್ಲಣ್ಣ ಈ ಮಾತನ್ನು ಇಪ್ಪತ್ತೇಳು ವರ್ಷಗಳಿಂದ ಹೆಂಡತಿ ಕಸ್ತೂರಿಬಾಯಿಯ ಮುಂದೆ ಹೇಳುತ್ತ ಬಂದಿದ್ದ. ಸುಳ್ಳೇಕೆ, ಅದರಲ್ಲಿ ಅರ್ಧ ನಿಜವಾದ ಜಾಮ್, ಇನ್ನರ್ಧ ಢಾಬಾದ ಮಂಚದ ಮೇಲೆ ಹೊಡೆದ ನಿದ್ದೆ, ಮಿರ್ಚಿ ಭಜಿ ಮತ್ತು ಇಸ್ಪೀಟು. ಯಾವುದು ಯಾವ ಅರ್ಧ ಅನ್ನುವುದು ಅವನೊಬ್ಬನಿಗೇ ಗೊತ್ತು.

ಆದರೆ ನಿಜವಾದ ಜಾಮಿನಲ್ಲಿ ಮಲ್ಲಣ್ಣನನ್ನು ನೋಡಬೇಕು! ಕಾರಿನವರು ಮೈಮೇಲೆ ದೇವರು ಬಂದವರಂತೆ ಹಾರ್ನ್ ಒತ್ತುತ್ತಿರುವಾಗ ಇವನು ಇಂಜಿನ್ ಆರಿಸಿ, ಗಾಲಿಗೊಂದು ಕಲ್ಲು ಕೊಟ್ಟು, ಲಾರಿಯ ನೆರಳಿನಲ್ಲಿ ಸ್ಟೋವ್ ಹೊತ್ತಿಸುತ್ತಿದ್ದ. ಜಾಮಿನಲ್ಲಿ ಗಡ್ಡ ಕೆರೆದುಕೊಂಡಿದ್ದಾನೆ, ಅಂಗಿಗೆ ಗುಂಡಿ ಹಚ್ಚಿಕೊಂಡಿದ್ದಾನೆ, ಜಗಳಕ್ಕೆ ಬಿದ್ದ ಇಬ್ಬರು ಡ್ರೈವರುಗಳನ್ನು ಒಂದೇ ತಾಟಿಗೆ ಕೂಡಿಸಿ ರೊಟ್ಟಿ ಉಣ್ಣಿಸಿದ್ದಾನೆ. ಚಹಾ ಕುದಿಯಿತೆಂದರೆ ಹಿಂದಿನ ನಾಲ್ಕು, ಮುಂದಿನ ನಾಲ್ಕು ಗಾಡಿಯವರಿಗೂ ಪಾಲು. ಅವನ ಪ್ರಕಾರ ಜಾಮಿನಲ್ಲಿ ಸಿಟ್ಟಾಗುವವನು ಇನ್ನೂ ಡ್ರೈವರೇ ಆಗಿಲ್ಲ.

ಜಾಮಿಗೆ ಸಿಗದೆ ತಪ್ಪಿಸಿಕೊಳ್ಳುವ ವಿದ್ಯೆಯೂ ಅವನಿಗೆ ಗೊತ್ತಿತ್ತು. ಎದುರಿಗೆ ಬರುವ ಲಾರಿಯವರು ಕೈಸನ್ನೆಯಲ್ಲೇ ಮುಂದಿನ ಸುದ್ದಿ ಹೇಳಿ ಹೋಗುತ್ತಾರೆ. ಅಂಗೈ ಗಾಳಿಯಲ್ಲಿ ಸವರಿದರೆ ರಸ್ತೆ ಖುಲ್ಲಾ. ಎರಡು ಮುಷ್ಟಿ ಕೂಡಿಸಿ ಗುದ್ದಿದರೆ ಮುಂದೆ ಜಾಮ್, ದಾರಿ ಇದ್ದರೆ ಹೊರಳಿಕೋ ಎಂದರ್ಥ. ಆ ಮುಷ್ಟಿ ಕಂಡು ಹೊರಳದ ಡ್ರೈವರ್ ಈ ಭಾಗದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಇಷ್ಟೆಲ್ಲ ಬಲ್ಲವನ ಎದೆಯಲ್ಲಿ ಒಂದು ಮುಳ್ಳು ಮುರಿದು ಕೂತಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಮಗಳು ಸೃಷ್ಟಿ ಹುಟ್ಟಿದಾಗ ಅವನು ಸೊಲ್ಲಾಪುರದಿಂದ ಬರುವ ಹಾದಿಯಲ್ಲಿದ್ದ. ಹಳ್ಳದ ಸೇತುವೆಯ ಮೇಲೆ ಟ್ಯಾಂಕರೊಂದು ಅಡ್ಡ ಬಿದ್ದು, ಎರಡೂ ಕಡೆ ಮೂರು ಮೈಲಿ ಗಾಡಿ ನಿಂತಿದ್ದವು. ಅವತ್ತು ಅವನು ಚಹಾ ಮಾಡಲಿಲ್ಲ, ಯಾರೊಂದಿಗೂ ಮಾತಾಡಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೂಸಿಗೆ ಒಂದು ದಿನ ತುಂಬಿತ್ತು. ‘ಜಾಮ್ ಆಗಿತ್ತು’ ಎಂದ. ಕಸ್ತೂರಿಬಾಯಿ ಗೋಡೆಯ ಕಡೆ ಹೊರಳಿದಳು. ತೋಳ ಬಂತು ತೋಳ ಎಂದು ಕೂಗಿದವನ ಗತಿಯೇ ಅವನಿಗೂ ಆಯಿತು. ನೂರು ಸುಳ್ಳು ಜಾಮು ದಕ್ಕಿದವು, ಆ ಒಂದು ನಿಜದ ಜಾಮು ದಕ್ಕಲಿಲ್ಲ.

ಕಳೆದ ಚಳಿಗಾಲದ ಮಾತು. ಕಸ್ತೂರಿಬಾಯಿಯ ತಂಗಿ ವಿದ್ಯಾವತಿಯನ್ನು ಕೊಟ್ಟದ್ದು ಕಮಲಾಪುರಕ್ಕೆ. ಆಕೆಯ ಸೊಸೆಗೆ ಏಳು ತಿಂಗಳು ತುಂಬಿ, ಭಾನುವಾರ ಹನ್ನೆರಡು ಗಂಟೆಗೆ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡಿದ್ದರು. ಕುಬಸದ ಹಸಿರು ಸೀರೆ, ಬಳೆ ಎಲ್ಲ ದೊಡ್ಡತ್ತೆಯಾದ ಕಸ್ತೂರಿಬಾಯಿಯ ಕೈಯಿಂದಲೇ ಹೋಗಬೇಕು. ಅದೇ ದಿನ ಮಲ್ಲಣ್ಣನೂ ತೊಗರಿಬೇಳೆ ಹೇರಿಕೊಂಡು ಕಮಲಾಪುರದ ಮೇಲೆಯೇ ಹುಮನಾಬಾದಿಗೆ ಹೊರಟಿದ್ದ.

“ನಾನೂ ನಿಮ್ಮ ಗಾಡ್ಯಾಗ ಬರ್ತೀನ್ರಿ,” ಎಂದಳು ಕಸ್ತೂರಿಬಾಯಿ. “ನಿಮ್ಮ ಜಾಮ್ ಅಂದ್ರ ಹ್ಯಾಂಗ ಇರ್ತದ, ಒಮ್ಮೆ ಕಣ್ಣಿಲೆ ನೋಡೇಬಿಡ್ತೀನಿ. ಇತ್ತಂದ್ರ ಹಳೇದೆಲ್ಲಾ ನಂಬ್ತೀನಿ. ಹಾದಿ ಖುಲ್ಲಾ ಇತ್ತಂದ್ರ ಜಾಮ್ ಅಂಬೋ ಮಾತು ಇನ್ಮ್ಯಾಲೆ ನಮ್ಮ ಮನ್ಯಾಗ ಬರಬಾರದು.”

“ಆಗ್ಲಿ,” ಎಂದ ಮಲ್ಲಣ್ಣ ಮೀಸೆಯ ಮೇಲೆ ಕೈಯಾಡಿಸುತ್ತ. ಹುಮನಾಬಾದ್ ರಸ್ತೆಯಲ್ಲಿ ಜಾಮಿಗೇನು ಬರ?

ಬರ ಬಂದೇಬಿಟ್ಟಿತು. ಶಹಾಬಜಾರದ ಓಣಿಯೊಳಗೆ ಲಾರಿ ಹಿಡಿಸುವುದಿಲ್ಲವಾದ್ದರಿಂದ ಇಬ್ಬರೂ ಆಟೋದಲ್ಲಿ ರಿಂಗ್ ರೋಡಿಗೆ ಬಂದು ಕ್ಯಾಬಿನ್ ಏರಿದರು. ಕಸ್ತೂರಿಬಾಯಿ ಕುಬಸದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನೇರ ರಸ್ತೆಯನ್ನೇ ನೋಡುತ್ತ ಕೂತಳು, ಪರೀಕ್ಷೆಗೆ ಬಂದ ಸಾಹೇಬರ ಹಾಗೆ. ದಿನಾ ಅರ್ಧ ತಾಸು ತಿನ್ನುವ ಸರ್ಕಲ್ಲು ಅವತ್ತು ತೊಳೆದಿಟ್ಟ ತಾಟಿನಂತೆ ಖಾಲಿ. ರಸ್ತೆ ನಡುವೆ ಮಲಗುವ ಬಸವಣ್ಣ ಕೂಡ ಎದ್ದು ಪಕ್ಕಕ್ಕೆ ಸರಿದು ನಿಂತ. ಎಂದೂ ದಾರಿ ಬಿಡದ ಬಸ್ಸಿನವರು ಕೈ ತೋರಿಸಿ ‘ಮುಂದ ನಡೀರಿ’ ಎಂದರು. ಮಲ್ಲಣ್ಣನಿಗೆ ಅವರನ್ನೆಲ್ಲ ಇಳಿದು ಬಡಿಯಬೇಕೆನಿಸಿತು.

“ಬಾಳ ಜಾಮ್ ಅದ ಬಿಡ್ರಿ,” ಎಂದಳು ಕಸ್ತೂರಿಬಾಯಿ.

ಅವನು ಇಪ್ಪತ್ತರ ವೇಗಕ್ಕೆ ಇಳಿಸಿದ. ಹಿಂದಿನವರು ನಗುತ್ತ ದಾಟಿ ಹೋದರು. ಚಹಾದ ನೆವದಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿದ. ರಸ್ತೆ ಇನ್ನಷ್ಟು ಖಾಲಿಯಾಯಿತು. ಶರಣಬಸಪ್ಪನಿಗೆ ಒಂದು ಕಾಯಿ, ಬಂದೇನವಾಜರ ದರ್ಗಾಕ್ಕೆ ಒಂದು ಚಾದರ ಎಂದು ಮನಸ್ಸಿನಲ್ಲೇ ಹರಕೆ ಹೊತ್ತ. ಇಪ್ಪತ್ತೇಳು ವರ್ಷ ದೇವರೇ ಜಾಮ್ ಬಿಡಿಸಪ್ಪಾ ಎಂದವನು ಅವತ್ತು ದೇವರೇ ಒಂದೇ ಒಂದು ಜಾಮ್ ಕೊಡಪ್ಪಾ ಎಂದು ಬೇಡಿಕೊಂಡ.

ಮಹಾಗಾಂವ ಇನ್ನೇನು ಬಂತು ಅನ್ನುವಾಗ ಎದುರಿನಿಂದ ನಬಿಸಾಬನ ಲಾರಿ ಬಂತು. ನಬಿಸಾಬ್ ಹಳೆಯ ಗೆಳೆಯ. ಸ್ಟೇರಿಂಗ್ ಬಿಟ್ಟು ಎರಡೂ ಮುಷ್ಟಿ ಗುದ್ದಿ ಗುದ್ದಿ ತೋರಿಸಿದ. ಮಲ್ಲಣ್ಣನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

“ಏನಂದನ್ರಿ ಅಂವ?”

“ಏನಿಲ್ಲ, ನಮಸ್ಕಾರ ಅಂದ.”

ಎಡಕ್ಕೆ ಮಹಾಗಾಂವದ ಊರೊಳಗಿನ ದಾರಿ ಬಾಯಿ ತೆರೆದು ನಿಂತಿತ್ತು. ಅದನ್ನು ಹಿಡಿದು ತೊಗರಿ ಹೊಲಗಳ ನಡುವೆ ಹಾದರೆ ಜಾಮಿನ ಆಚೆ ಹೆದ್ದಾರಿ ಸೇರಬಹುದು, ಹನ್ನೊಂದಕ್ಕೆಲ್ಲ ಕಮಲಾಪುರ. ಮಲ್ಲಣ್ಣ ಒಮ್ಮೆ ಹೆಂಡತಿಯ ತೊಡೆಯ ಮೇಲಿನ ಬುಟ್ಟಿ ನೋಡಿದ, ಒಮ್ಮೆ ಆ ದಾರಿ ನೋಡಿದ. ಕೈ ಎಡಕ್ಕೆ ಹೊರಳಲೂ ಹವಣಿಸಿತು. ಆದರೆ ಆಸೆ ದೊಡ್ಡದು. ಲಾರಿ ನೇರ ಹೋಯಿತು.

ಎರಡು ಕಿಲೋಮೀಟರು ದಾಟಿತೋ ಇಲ್ಲವೋ, ಆಹಾ ಏನು ಜಾಮು! ಕಬ್ಬಿನ ಟ್ರ್ಯಾಕ್ಟರಿನ ಎರಡೂ ಟ್ರೇಲರು ಅಡ್ಡಡ್ಡ ಮಗುಚಿ ಕಬ್ಬು ರಸ್ತೆ ತುಂಬ ಚೆಲ್ಲಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಲಾರಿ, ಬಸ್ಸು, ಜೀಪು, ಎರಡು ಎತ್ತಿನ ಗಾಡಿ, ಬ್ಯಾಂಡಿನವರ ಟೆಂಪೋ, ಎಲ್ಲ ಒಂದರ ಬಾಲಕ್ಕೊಂದು ಅಂಟಿ ನಿಂತಿದ್ದವು. ಜನ ಕಬ್ಬು ಮುರಿದು ಜಗಿಯುತ್ತಿದ್ದರು. ಐದು ನಿಮಿಷದಲ್ಲಿ ಹಿಂದೆಯೂ ಸಾಲು ಕಟ್ಟಿ, ಮುಂದೆ ಹೋಗದಂತೆ ಹಿಂದೆ ಬರದಂತೆ ಆಯಿತು.

“ನೋಡು!” ಎಂದ ಮಲ್ಲಣ್ಣ, ಮಗಳ ಮದುವೆಯ ಹಂದರ ತೋರಿಸುವವನಂತೆ ಎರಡೂ ಕೈ ಚಾಚಿ. “ನೋಡು ಕಸ್ತೂರಿ, ಇದಕ್ಕ ಜಾಮ್ ಅಂತಾರ!”

ಅವನ ಕುಣಿದಾಟ ಹೇಳತೀರದು. ಕಲ್ಲು ಕೊಟ್ಟ, ಸ್ಟೋವ್ ಹೊತ್ತಿಸಿದ, ಹಿಂದಿನ ಲಾರಿಯ ಮೈಬೂಬನನ್ನು ಕೂಗಿ ಕರೆದ, ಬ್ಯಾಂಡಿನವರಿಂದ ಒಂದು ಹಾಡು ಊದಿಸಿದ. ಕಸ್ತೂರಿಬಾಯಿ ಮೊದಲು ನಕ್ಕಳು. ಬಸ್ಸಿನ ಹೆಂಗಸರಿಗೆ ಚಹಾ ಕೊಟ್ಟಳು. ಕ್ಯಾಬಿನ್ ಮೆಟ್ಟಿಲ ಮೇಲೆ ನಿಂತು ಹಿಂದೆ ಮುಂದೆ ನೋಡಿದಳು. ಎಲ್ಲಿ ನೋಡಿದರೂ ಗಾಡಿಯ ಮಾಳಿಗೆಗಳೇ. ನಿಧಾನಕ್ಕೆ ಅವಳ ನಗು ನಿಂತಿತು.

“ಅವತ್ತು... ಸೃಷ್ಟಿ ಹುಟ್ಟಿದ ದಿನ, ಹಿಂಗ ಇತ್ತೇನ್ರಿ?”

“ಇದರ ಅಪ್ಪನಂಗ ಇತ್ತು,” ಎಂದ. “ನಾ ಅವತ್ತು ಚಹಾನೂ ಕುಡಿಲಿಲ್ಲ ಕಸ್ತೂರಿ.”

ಅವಳು ಅವನ ಕಡೆ ಹೊರಳಿ ಕೂತಳು. ಗೋಡೆ ಕಡೆ ಹೊರಳಿದ್ದವಳು ಇಪ್ಪತ್ತೆರಡು ವರ್ಷದ ಮೇಲೆ ಈ ಕಡೆ ಹೊರಳಿದಳು ಅನ್ನಿಸಿತು ಮಲ್ಲಣ್ಣನಿಗೆ. ಅಷ್ಟು ಸುಖ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಆಗ ಫೋನು ಬಂತು. ವಿದ್ಯಾವತಿ.

“ಅಕ್ಕ, ಎಲ್ಲಿದಿ? ಹನ್ನೊಂದೂ ಕಾಲ್ ಆಯ್ತು. ಮಂದಿ ಎಲ್ಲಾ ಬಂದಾರ.”

“ಜಾಮ್ ಆಗ್ಯದವ್ವಾ. ಮಹಾಗಾಂವದ ಹಂತ್ಯಾಗ...”

“ಬಿಡವ್ವಾ, ಭಾವನ ಸಂಗತಿ ಸೇರಿ ನೀನೂ ಕಲ್ತಿ. ಇನ್ನಾ ಮನ್ಯಾಗ ಸೀರಿ ಉಡ್ಲಾಕತ್ತಿರ್ತಿ!”

ವಿದ್ಯಾವತಿ ಫೋನು ಇಟ್ಟೇಬಿಟ್ಟಳು. ಕಸ್ತೂರಿಬಾಯಿ ಕೈಯೊಳಗಿನ ಫೋನನ್ನು ನೋಡಿದಳು, ಮುಂದಿನ ಕಬ್ಬಿನ ರಾಶಿ ನೋಡಿದಳು. “ಖರೇ ಹೇಳಿದ್ರೂ ನಂಬವಲ್ಲಳಲ್ರೀ! ನಿಮಗ ಹಿಂಗ ಅನಿಸ್ತಿತ್ತೇನ್ರಿ ಇಷ್ಟು ವರ್ಷ? ನಂದು ತಪ್ಪಾತು,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸುಮ್ಮನಿದ್ದಿದ್ದರೆ ಮಲ್ಲಣ್ಣ ಗೆದ್ದಿದ್ದ. ಜನ್ಮಪೂರ್ತಿ ಸಾಲುವಷ್ಟು ಗೆದ್ದಿದ್ದ. ಆದರೆ ಆ ಕಣ್ಣೀರು ನೋಡಿ ಕೈಯಲ್ಲಿದ್ದ ಚಹಾ ಕೆಳಗಿಟ್ಟ.

“ಕಸ್ತೂರಿ, ನಬಿಸಾಬ್ ನಮಸ್ಕಾರ ಅನ್ಲಿಲ್ಲ. ಮುಂದ ಜಾಮ್ ಅದ, ಹೊಳ್ಳಿಕೋ ಅಂದ. ಮಹಾಗಾಂವದಾಗಿಂದ ಹಾದಿ ಇತ್ತು. ನಾನೇ ಬೇಕಂತ ಬಂದು ಇದರಾಗ ಹೊಕ್ಕೀನಿ.”

ಅವಳು ಸೆರಗು ಕೆಳಗಿಳಿಸಿ ಅವನನ್ನೇ ನೋಡಿದಳು.

“ಅವತ್ತಿಂದು ಖರೇ ಇತ್ತು,” ಎಂದು ಅವಸರದಿಂದ ಸೇರಿಸಿದ. “ದೇವರಾಣಿ ಖರೇ ಇತ್ತು. ಅದನ್ನ ನಿನಗ ತೋರಸ್ಬೇಕಿತ್ತು.”

ಬೈಯಲು ಹೊತ್ತಿರಲಿಲ್ಲ. “ಬುಟ್ಟಿ ಎತ್ತರಿ!” ಎಂದಳು. ಮಲ್ಲಣ್ಣ ಲಾರಿಯ ಕೀಲಿಯನ್ನು ಮೈಬೂಬನಿಗೆ ಕೊಟ್ಟು ಬುಟ್ಟಿ ತಲೆಯ ಮೇಲಿಟ್ಟುಕೊಂಡ. ಇಬ್ಬರೂ ಗಾಡಿಗಳ ಸಂದಿಯಲ್ಲಿ ಓಡತೊಡಗಿದರು. “ಕುಬಸದ ಬುಟ್ಟಿ ಬರಾಕತ್ತದ, ಹಾದಿ ಬಿಡ್ರೋ!” ಎಂದು ಒಬ್ಬ ಡ್ರೈವರ್ ಕೂಗಿದ, ಅದನ್ನು ಮುಂದಿನವನು ಕೂಗಿದ. ಮಾತು ಇವರಿಗಿಂತ ಮುಂದೆ ಓಡಿತು. ಬೈಕಿನವರು ಸರಿದರು, ಯಾರೋ ಒಬ್ಬ ಎತ್ತಿನ ಗಾಡಿಯ ನೊಗ ಎತ್ತಿ ಹಿಡಿದ, ಬ್ಯಾಂಡಿನವರು ಮದುವೆಯ ಮೆರವಣಿಗೆಯೆಂದೇ ತಿಳಿದು ಬೆನ್ನು ಹತ್ತಿದರು. ಕಬ್ಬಿನ ರಾಶಿಯನ್ನು ಕಸ್ತೂರಿಬಾಯಿ ಸೀರೆ ಎತ್ತಿ ಕಟ್ಟಿ ಹತ್ತಿ ಇಳಿದಳು. ಅತ್ತ ಕಡೆ ಕೆಂಪು ಬಾಳೆಹಣ್ಣು ಹೇರಿದ ಕಮಲಾಪುರದ ಟೆಂಪೋ ಒಂದು ಬೇಸತ್ತು ಹಿಂದಕ್ಕೆ ಹೊರಳುತ್ತಿತ್ತು. ಅದರ ಡ್ರೈವರ್ ಸರ್ಫರಾಜ್, “ಹತ್ತರಿ ಅಕ್ಕಾ, ಹನ್ನೆರಡರೊಳಗ ಮುಟ್ಟಸ್ತೀನಿ,” ಎಂದ.

ಅವಳು ಹತ್ತಿ ಕೂತು ಬುಟ್ಟಿ ಇಸಿದುಕೊಂಡಳು. ಬೆವರಿನಲ್ಲಿ ಕುಂಕುಮ ಹರಡಿತ್ತು, ಹೆರಳು ಬಿಚ್ಚಿತ್ತು. ಮಲ್ಲಣ್ಣ ತಪ್ಪಿತಸ್ಥನಂತೆ ಕೆಳಗೆ ನಿಂತಿದ್ದ.

“ವಿದ್ಯಾವತಿಗೆ ಏನ್ ಹೇಳ್ತಿ?” ಎಂದ.

“ಜಾಮ್ ಆಗಿತ್ತು ಅಂತೀನಿ, ಮತ್ತೇನ್ ಹೇಳ್ಲಿ?” ತುಟಿ ಬಿಗಿಹಿಡಿದಿದ್ದಳು, ಆದರೆ ಹೊಟ್ಟೆ ಕುಲುಕುತ್ತಿತ್ತು. “ಕೇಳ್ರಿ ಇಲ್ಲಿ. ಸೃಷ್ಟಿ ಹುಟ್ಟಿದ ದಿನದ ಜಾಮ್ ನಾ ನಂಬೀನಿ. ಕಾಣದ್ದು ನಂಬೀನಿ. ಇವತ್ತು ಕಣ್ಣಿಲೆ ಕಂಡೀನಲ್ಲ, ಇದೊಂದು ಮಾತ್ರ ಸಾಯೋತನಕ ನಂಬಂಗಿಲ್ಲ!”

ಟೆಂಪೋ ಹೊರಟಿತು. ಕಿಟಕಿಯಿಂದ ಅವಳ ನಗು ಕೇಳಿಸುತ್ತಲೇ ಇತ್ತು. ಮಲ್ಲಣ್ಣ ನಡುರಸ್ತೆಯಲ್ಲಿ ಕಬ್ಬಿನ ರಾಶಿಯ ಮೇಲೆ ಕುಸಿದು ಕೂತು, ಬಿಕ್ಕಳಿಕೆ ಹತ್ತುವವರೆಗೆ ನಕ್ಕ. ಬ್ಯಾಂಡಿನವರು ಇನ್ನೂ ಊದುತ್ತಲೇ ಇದ್ದರು.