ಬಾವಿಗೆ ಹೋಗಿ ಬಂದ ಖಾಲಿ ಕೊಡ

ನಮ್ಮೂರಿನ ನರ್ಸಮ್ಮನಿಗೆ ‘ಶೂ ನರ್ಸಮ್ಮ’ ಎಂದು ಹೆಸರಿಟ್ಟವಳು ನಾನೇ. ಈಗ ಅದಕ್ಕೆ ನಾಚಿಕೆಯಾಗುತ್ತದೆ. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತ ಮನೆಮನೆ ಸುತ್ತುವ ದಪ್ಪ ಹೆಂಗಸು.

ಆ ವರ್ಷ ನನ್ನ ಅತ್ತಿಗೆ ಹೆತ್ತ ಮಗು ಮೂರೇ ದಿನಕ್ಕೆ ಹೋಯಿತು. ಅತ್ತಿಗೆ ಮಾತು ಬಿಟ್ಟಳು. ಕೆಲಸವೆಲ್ಲ ಮುಗಿಸಿ ಗೋಡೆಗೆ ಮುಖ ಮಾಡಿ ಮಲಗುವಳು, ನಿದ್ದೆ ಮಾತ್ರ ಇಲ್ಲ. ನರ್ಸಮ್ಮ ಅವಳನ್ನು ದೊಡ್ಡಾಸ್ಪತ್ರೆಗೂ ಕರೆದುಕೊಂಡು ಹೋಗಿ ಬಂದರು. ಆಮೇಲೆ ನನ್ನ ಅಮ್ಮನಿಗೆ, “ದಿನಾ ಸಂಜೆ ಸೊಸೇನ ವಾಕಿಂಗ್ ಕಳ್ಸಿ” ಅಂದರು.

“ಬೆನ್ನು ಮುರಿಯೋ ಹಾಗೆ ದುಡೀತಾಳೆ, ಇನ್ಯಾವ ವಾಕಿಂಗು?” ಅಮ್ಮ ಸಿಡುಕಿದಳು. “ಕೈ ಬೀಸ್ಕೊಂಡು ತಿರುಗಿದ್ರೆ ನೋಡಿದವರು ಏನಂದಾರು?”

“ದುಡಿಮೆ ಬೇರೆ, ಅಮ್ಮಾ. ಅವಳು ನಾಲ್ಕು ಜನರ ಜೊತೆ ಬಯಲಲ್ಲಿ ಕಾಲಾಡಿಸ್ಬೇಕು.”

ಅಮ್ಮ ಜಗ್ಗಲಿಲ್ಲ. ನಮ್ಮಲ್ಲಿ ಹೆಂಗಸು ಬರಿಗೈಯಲ್ಲಿ ನಡೆದರೆ ತಪ್ಪು. ಸೊಂಟದಲ್ಲೊಂದು ಕೊಡ ಇದ್ದರೆ ಊರೆಲ್ಲ ಸುತ್ತಿದರೂ ಕೇಳುವವರಿಲ್ಲ. ನರ್ಸಮ್ಮನಿಗೆ ಇದು ಹೊಳೆದಿದ್ದೇ ತಡ, ಮನೆಮನೆಗೂ ಸುದ್ದಿ ಮುಟ್ಟಿಸಿದರು: “ಊರಾಚೆ ಬಾವಿ ನೀರಲ್ಲಿ ಕಾಳು ಬೇಗ ಬೇಯುತ್ತಂತೆ!” ನಲ್ಲಿ ಬಂದ ಮೇಲೆ ಆ ಬಾವಿಯನ್ನು ಮೂಸಿ ನೋಡುವವರೂ ಇರಲಿಲ್ಲ. ಈಗ ಸಂಜೆಯಾದರೆ ಅತ್ತಿಗೆ, ನಾನೂ ಸೇರಿ ಏಳೆಂಟು ಹೆಂಗಸರು, ಏಳೆಂಟು ಕೊಡ, ಮುಂದೆ ಬಿಳಿ ಶೂ.

ಮೊದಮೊದಲು ಅತ್ತಿಗೆ ನೆಲ ನೋಡಿಕೊಂಡೇ ನಡೆದಳು. ತಿಂಗಳು ಕಳೆಯುವಷ್ಟರಲ್ಲಿ ನಿದ್ದೆ ಬರತೊಡಗಿತು. ನರ್ಸಮ್ಮ ಒಂದು ದಿನವೂ “ಮಾತಾಡು” ಎನ್ನಲಿಲ್ಲ. ಅವಳ ಪಕ್ಕದಲ್ಲೇ ಏದುಸಿರು ಬಿಡುತ್ತ ನಡೆದರು, ಅಷ್ಟೇ. ಅಂಥ ತಾಳ್ಮೆ ನನಗಂತೂ ಏಳು ಜನ್ಮಕ್ಕೂ ಬರುವುದಿಲ್ಲ.

ಮೂರನೆಯ ತಿಂಗಳ ಒಂದು ಸಂಜೆ, ಬಾವಿಕಟ್ಟೆಯ ಮೇಲೆ ಅತ್ತಿಗೆ ತಾನಾಗಿಯೇ ಮಗುವಿನ ಮಾತು ತೆಗೆದಳು. ಬಿಕ್ಕಿಬಿಕ್ಕಿ ಅತ್ತಳು. ನಾವೂ ಅತ್ತೆವು. ವಾಪಸು ಬರುವಾಗ ನರ್ಸಮ್ಮನ ಶೂ ಕೆಸರಿನಲ್ಲಿ ಹೂತುಹೋಗಿ, ಅವರು ಒಂಟಿಕಾಲಲ್ಲಿ ಕುಪ್ಪಳಿಸಿದರು. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಮನೆ ಮುಟ್ಟುವವರೆಗೂ ನಿಲ್ಲಲಿಲ್ಲ.

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಅತ್ತಿಗೆಯ ಕೊಡ ಇಳಿಸಿಕೊಂಡು ಒಳಗೆ ಇಣುಕಿದಳು. ಹನಿ ನೀರಿರಲಿಲ್ಲ. ತುಂಬಿಕೊಳ್ಳುವುದನ್ನೇ ಮರೆತು ಬಂದಿದ್ದೆವು! ನಾಳೆಯಿಂದ ಬಾವಿಯ ದಾರಿ ಬಂದ್ ಎಂದುಕೊಂಡೆ.

ಅಮ್ಮ ಒಳಗೆ ಹೋಗಿ, ನಲ್ಲಿ ತಿರುಗಿಸಿ, ಕೊಡ ತುಂಬಿ ಒಲೆಯ ಪಕ್ಕ ಇಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡು ಅತ್ತಿಗೆಯತ್ತ ತಿರುಗಿದಳು.

“ಈ ನೀರಲ್ಲಿ ಕಾಳು ಚೆನ್ನಾಗಿ ಬೇಯುತ್ತೆ. ನಾಳೆನೂ ಹೋಗಿ ಬಾ, ಮಗಳೇ.”