ರತ್ನತ್ತೆಯ ಬಲಗಿವಿ

ರತ್ನತ್ತೆ ಯಾವ ವಸ್ತುವನ್ನೂ ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ಕೈಗೆ ಬಂದದ್ದನ್ನು ಬಲಗಿವಿಯ ಹತ್ತಿರ ಹಿಡಿದು, ಅಲ್ಲಾಡಿಸಿ, ಆಮೇಲೆ ಮಾತಾಡುತ್ತಿದ್ದಳು. ತೆಂಗಿನಕಾಯಿ, ಬೆಂಕಿಪೊಟ್ಟಣ, ಮಾತ್ರೆಯ ಡಬ್ಬಿ ಇವೆಲ್ಲ ಸರಿ. ನಾನು ಎಂ.ಎಸ್ಸಿ. ಮುಗಿಸಿ ಪ್ರಮಾಣಪತ್ರ ತಂದಾಗ, ಅದನ್ನು ಸುತ್ತಿಟ್ಟಿದ್ದ ರಟ್ಟಿನ ಕೊಳವೆಯನ್ನೂ ಅಲ್ಲಾಡಿಸಿದಳು. "ಏನೋ ಇದೆ ಒಳಗೆ" ಎಂದು ಹಿಂದಕ್ಕೆ ಕೊಟ್ಟಳು. ನನ್ನ ಓದಿನ ಬಗ್ಗೆ ಅವಳು ಆಡಿದ ಮೆಚ್ಚುಗೆಯ ಮಾತು ಅದೊಂದೇ.

ಅವಳು ನನ್ನ ತಂದೆಯ ಅಕ್ಕ. ಶಿಡ್ಲಘಟ್ಟದಲ್ಲಿ ಮನೆಯ ಹಿಂದೆಯೇ ರೇಷ್ಮೆ ನೂಲು ಬಿಚ್ಚುವ ಘಟಕ ನಡೆಸುತ್ತಿದ್ದಳು. ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿ, ರೈತರು ಸುರಿದ ರಾಶಿಯಿಂದ ಒಂದು ಗೂಡು ಎತ್ತಿ ಕಿವಿಗೆ ಹಿಡಿಯುವುದು ಅವಳ ದಿನದ ಮೊದಲ ಕೆಲಸ. ಒಳಗಿನ ಹುಳು ಗಟ್ಟಿಯಾಗಿದ್ದರೆ ಟಕ್ ಟಕ್ ಎಂದು ಸದ್ದು ಬರುತ್ತದೆ. ಕೊಳೆತು ಅಂಟಿಕೊಂಡಿದ್ದರೆ ಬರುವುದಿಲ್ಲ. "ಒಳಗಿರೋದು ಮಾತಾಡ್ಬೇಕು ಕಣೇ. ಮಾತಾಡ್ದಿದ್ರೆ ನೂಲೂ ಕೊಡಲ್ಲ" ಎನ್ನುತ್ತಿದ್ದಳು. ಹರಾಜು ಮೊಬೈಲಿಗೆ ಬಂದ ಮೇಲೂ ನೂಲು ಬಿಚ್ಚುವ ಕೆಲವು ಸಣ್ಣ ರೀಲರುಗಳು ಅವಳ ಮುಖ ನೋಡಿಯೇ ಬೆಲೆ ಒತ್ತುತ್ತಿದ್ದರು. ಅದಕ್ಕಾಗಿ ಅವಳಿಗೆ ಅಷ್ಟಿಷ್ಟು ಕೊಡುತ್ತಿದ್ದರು. ಘಟಕದ ನೂಲಿಗಿಂತ ಈ ಕಿವಿಯ ಸಂಪಾದನೆಯ ಬಗ್ಗೆಯೇ ಅವಳಿಗೆ ಹೆಮ್ಮೆ. ಆ ವರ್ಷ ಅವಳು ಬೇಡವೆಂದು ತಲೆಯಾಡಿಸುವ ರಾಶಿಗಳು ಯಾಕೋ ಹೆಚ್ಚಾಗಿದ್ದವು. ರೈತರು ಹುಳುವಿಗೆ ಸೊಪ್ಪು ಸರಿಯಾಗಿ ಹಾಕುತ್ತಿಲ್ಲ ಎಂದು ನಾವೆಲ್ಲ ನಂಬಿದ್ದೆವು.

ನಾನು ಚಿಂತಾಮಣಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಅತ್ತೆಯ ಮನೆಯಿಂದ ಓಡಾಡಲೆಂದು ಹಳೆಯ ಕಾರೊಂದನ್ನು ಕೊಂಡಿದ್ದೆ. ಅದರ ವಾಟರ್ ಪಂಪು ಕೆಟ್ಟಾಗ ದಿಬ್ಬೂರಹಳ್ಳಿ ರಸ್ತೆಯ ಫಯಾಜನ ಗ್ಯಾರೇಜಿಗೆ ಬಿಟ್ಟೆವು. ಗ್ಯಾರೇಜಿನವರು ಸಾಮಾನು ತಂದರೆ ನಡುವೆ ಏನಾದರೂ ಇಟ್ಟುಕೊಳ್ಳುತ್ತಾರೆ ಎಂಬುದು ಅತ್ತೆಯ ನಂಬಿಕೆ. ಆದ್ದರಿಂದ ಚಿಂತಾಮಣಿಯಲ್ಲಿ ಪರಿಚಯದ ಅಂಗಡಿಗೆ ತಾನೇ ಬಂದು ಹೊಸ ಪಂಪು ಆರಿಸಿದಳು. ಕೌಂಟರಿನಲ್ಲಿಯೇ ಕಿವಿಗೆ ಹಿಡಿದು ಅಲ್ಲಾಡಿಸಿದಳು. "ಇದು ಗೂಡಲ್ಲ ಅತ್ತೆ" ಎಂದೆ. "ಗೊತ್ತು. ಇದ್ರಲ್ಲಿ ಸದ್ದು ಬರಬಾರ್ದು. ಬರ್ತಿಲ್ಲ" ಎಂದಳು. ಫಯಾಜನ ಮುಂದೆಯೂ ಅದನ್ನೇ ಮಾಡಿ, "ಭೇಷಾಗಿದೆ, ಹಾಕಪ್ಪಾ" ಎಂದು ಅವನ ಕೈಗಿಟ್ಟಳು. ಅವನು ಹಾಕಿದ.

ಮುಂದಿನ ತಿಂಗಳೇ ಪಂಪು ಸೋರಿತು. ನಾನು ಕಾಲೇಜಿನ ದಾರಿಯಲ್ಲಿ, ಹೊಗೆಯಾಡುವ ಕಾರಿನ ಪಕ್ಕ ನಿಂತು ಮೊದಲ ಪಾಠ ಕಳೆದುಕೊಂಡೆ. ಅಂಗಡಿಯವನು ಮಾತಿಲ್ಲದೆ ಬೇರೆ ಪಂಪು ಕೊಟ್ಟ, ಹಳೆಯದನ್ನು ಆಮೇಲೆ ಕಳಿಸಿ ಎಂದ. ಫಯಾಜ ಮತ್ತೆ ಎಲ್ಲ ಬಿಚ್ಚಿ, ಹೊಸದನ್ನು ಹಾಕಿ, ಮತ್ತೆ ಪೂರ್ತಿ ಕೂಲಿ ಕೇಳಿದ. ನಾನು ಪರ್ಸು ತೆಗೆದೆ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ಈ ನಡುವೆ ಅವಳು ಮುಂದಿನ ಸೀಟು ಬಿಟ್ಟು ನನ್ನ ಬೆನ್ನ ಹಿಂದೆಯೇ ಕೂರುತ್ತಿದ್ದಳು. ಕಾಲು ಚಾಚಲು ಇರಬೇಕು ಎಂದುಕೊಂಡಿದ್ದೆ.

"ಏನಪ್ಪಾ ಫಯಾಜು, ಕೂಲಿ ಹೋದ ತಿಂಗಳೇ ಕೊಟ್ಟಿದ್ದೀವಲ್ಲ."

"ಅದು ಹೋದ ತಿಂಗಳ ಕೆಲಸದ್ದಮ್ಮಾ."

"ಇದು ಯಾವ ಕೆಲಸ?"

"ಅದೇ ಕೆಲಸ."

"ಅದೇ ಕೆಲಸ ಅಂತ ನಿನ್ನ ಬಾಯಲ್ಲೇ ಬಂತು ನೋಡು."

ಫಯಾಜ ಕೈ ಒರೆಸಿಕೊಂಡ. "ಕೆಲಸ ಅದೇ ಇರ್ಬೋದಮ್ಮಾ. ಸೊಂಟ ಎರಡನೇ ಸಲ ನೋಯ್ತಲ್ಲ, ಅದಕ್ಕೇನ್ ಮಾಡ್ಲಿ?"

"ನಮ್ಮ ಘಟಕದಲ್ಲಿ ನೂಲು ಹರಿದ್ರೆ ಹರಿದೋರೇ ಗಂಟು ಹಾಕ್ಬೇಕು. ಅದಕ್ಕೆ ಬೇರೆ ಕೂಲಿ ಕೊಡ್ತೀವಾ? ಮುನಿರಾಜುನ ಕೇಳು. ಚೆಪ್ಪಯ್ಯಾ ಮುನಿರಾಜು, ನೀನೇ ಹೇಳು."

ಮುನಿರಾಜು ಅತ್ತೆಯ ಮುಖ ನೋಡಿ ಬೆಲೆ ಒತ್ತುವ ರೀಲರುಗಳಲ್ಲಿ ಒಬ್ಬ. ಟೈರಿನ ಮೇಲೆ ಕೂತು ಫೋನು ನೋಡುತ್ತಿದ್ದ. "ನನ್ನ ಯಾಕಕ್ಕಾ ಎಳೀತೀಯಾ? ನನ್ನ ಗಾಡಿ ಇನ್ನೂ ಒಳಗೈತೆ" ಎಂದ.

"ಅತ್ತೆ, ಕೊಟ್ಟುಬಿಡೋಣ" ಎಂದು ಮೆಲ್ಲಗೆ ಹೇಳಿದೆ.

"ಸುಮ್ನಿರಮ್ಮಣ್ಣಿ. ಓದಿರೋರು ಹೀಗೆ ಕೊಟ್ಟು ಕೊಟ್ಟೇ ಕೂಲಿ ಏರಿರೋದು."

ಫಯಾಜನಿಗೂ ಹಠ ಬಂತು. "ನೂಲು ನಾನು ಹರೀಲಿಲ್ಲಮ್ಮಾ. ಪಂಪು ನಾನು ತಂದಿದ್ರೆ ಒಂದು ರೂಪಾಯಿ ಕೇಳ್ತಿರ್ಲಿಲ್ಲ. ತಂದೋರು ನೀವು. ಕಿವೀಗಿಟ್ಟು ಭೇಷಾಗಿದೆ ಅಂದೋರೂ ನೀವು."

"ಅಂದೆ. ಈಗ್ಲೂ ಅಂತೀನಿ."

ಅವನು ಒಳಗೆ ಹೋಗಿ ಕೆಟ್ಟ ಪಂಪನ್ನು ತಂದ. ಅತ್ತೆಯ ಬಲಗಿವಿಯ ಪಕ್ಕದಲ್ಲೇ ಹಿಡಿದು ಅಲ್ಲಾಡಿಸಿದ. ಕಟಕಟ ಎಂದಿತು. ಕಾರಿನ ಆಚೆ ನಿಂತಿದ್ದ ನನಗೂ ಕೇಳಿಸಿತು.

ಇದಕ್ಕೆ ಉತ್ತರ ಸುಲಭವಿತ್ತು. ಓಡಿ ಸವೆದ ಮೇಲೆ ಈಗ ಸದ್ದು ಬರುತ್ತಿದೆ ಎಂದರೆ, ಕೊಂಡ ದಿನವೂ ಬರುತ್ತಿತ್ತು ಎಂದಾಗುವುದಿಲ್ಲ. ಇಂಥ ಮಾತನ್ನು ಅತ್ತೆ ಕೈಬಿಡುವವಳಲ್ಲ. ನಾನು ಕಾದೆ.

"ಎಲ್ಲಪ್ಪಾ ಸದ್ದು?" ಎಂದಳು ಅತ್ತೆ.

ಮುನಿರಾಜು ಫೋನಿನಿಂದ ತಲೆಯೆತ್ತಿದ. ನಾಳೆ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಅತ್ತೆ ಗೂಡು ಎತ್ತಿ ಕಿವಿಗೆ ಹಿಡಿಯುವುದನ್ನು ನೋಡುತ್ತ ನಿಲ್ಲಬೇಕಾದವನು ಅವನು. ಅತ್ತೆಗೆ ಆ ಸದ್ದು ಕೇಳಿಸಲಿಲ್ಲವೆಂದು ಅವನೊಬ್ಬನಿಗೆ ಗೊತ್ತಾದರೆ ಹರಾಜು ಮುಗಿಯುವ ಹೊತ್ತಿಗೆ ಮಾರುಕಟ್ಟೆಗೆಲ್ಲ ಗೊತ್ತಾಗುತ್ತಿತ್ತು. ಅತ್ತೆ ಸೀಟಿನ ಅಂಚನ್ನು ಹಿಡಿದುಕೊಂಡು, ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಅವಳು ಹಾಗೆ ಮುಖಗಳನ್ನು ಓದುತ್ತಿದ್ದುದನ್ನು ನಾನು ಅಂದೇ ಮೊದಲು ನೋಡಿದ್ದು.

ಫಯಾಜ ಅತ್ತೆಯನ್ನು ನೋಡಿದ. ಮುನಿರಾಜುವನ್ನು ನೋಡಿದ. ಪಂಪನ್ನು ಬೇರೆ ರೀತಿಯಲ್ಲಿ ಹಿಡಿದು ಮತ್ತೆ ಅಲ್ಲಾಡಿಸಿದ. ಈ ಸಲ ಸದ್ದೇ ಬರಲಿಲ್ಲ.

"ಹೌದಮ್ಮಾ, ಸದ್ದಿಲ್ಲ. ಮೊದ್ಲು ನನ್ನ ಕೈಬಳೆ ತಗುಲ್ತು ಅನ್ಸತ್ತೆ. ಪಂಪು ಚೆನ್ನಾಗೇ ಇತ್ತು, ನನ್ನ ಫಿಟ್ಟಿಂಗೇ ಸರಿಯಿರ್ಲಿಲ್ಲ. ಕೂಲಿ ಬೇಡ, ನಡೀರಿ."

"ಅಕ್ಕನ ಕಿವೀನೇ ಪರೀಕ್ಷೆ ಮಾಡ್ತೀಯಲ್ಲೋ ನೀನು" ಎಂದು ನಕ್ಕು ಮುನಿರಾಜು ಫೋನಿಗೆ ಮರಳಿದ.

ಗೆದ್ದ ದಿನ ಅತ್ತೆ ದಾರಿಯುದ್ದಕ್ಕೂ ಆ ಗೆಲುವನ್ನು ವಿವರಿಸುತ್ತಾಳೆ. ಅಂದು ಮನೆ ಬರುವವರೆಗೂ ಮಾತಾಡಲಿಲ್ಲ. ಕಾರು ನಿಲ್ಲಿಸಿದ ಮೇಲೆ ಹಿಂದಿನಿಂದ ಪರ್ಸನ್ನು ನನ್ನ ಮಡಿಲಿಗೆ ಹಾಕಿದಳು.

"ನಾಳೆ ಹೋಗ್ತಾ ಅವನ ಕೂಲಿ ಕೊಟ್ಬಿಡು."

"ಬೇಡ ಅಂದನಲ್ಲ ಅತ್ತೆ."

"ಎರಡನೇ ಸಲ ಹೆಬ್ಬೆರಳಲ್ಲಿ ಒತ್ತಿ ಹಿಡ್ಕೊಂಡಿದ್ದ. ಕೈಬಳೆ ಹಾಕೋ ಅಭ್ಯಾಸವೂ ಇಲ್ಲ ಅವನಿಗೆ. ಕಣ್ಣು ಚೆನ್ನಾಗೇ ಇದೆ ನಂಗೆ."

ಪರ್ಸು ಎತ್ತಿಕೊಂಡು ಕೇಳಿದೆ. "ಎಡಗಿವೀಲಿ ನೋಡ್ಬೋದಲ್ಲ ಅತ್ತೆ?"

"ಇಷ್ಟು ವರ್ಷ ಬಲಗಿವೀಲಿ ನೋಡಿದೋಳು, ಮಾರ್ಕೆಟ್ ನಡುವೆ ನಿಂತ್ಕೊಂಡು ಕಿವಿ ಬದ್ಲಾಯಿಸೋಕಾಗತ್ತೇನೇ?"

ಮರುದಿನ ಫಯಾಜ ದುಡ್ಡು ಮುಟ್ಟಲಿಲ್ಲ. "ಒಂದೇ ಕೆಲಸಕ್ಕೆ ಎರಡ್ಸಲ ಕೂಲಿ ತಗೊಳ್ಳೋನಲ್ಲ ಮೇಡಂ ನಾನು" ಎಂದ. ಹಿಂದಿನ ದಿನ ಇದಕ್ಕೆ ತದ್ವಿರುದ್ಧವಾಗಿ ವಾದಿಸಿದ್ದರ ಗುರುತು ಅವನ ಮುಖದಲ್ಲಿ ಎಲ್ಲಿಯೂ ಇರಲಿಲ್ಲ. ಅತ್ತೆಗೆ ಹೇಳಿದೆ. "ಜಂಬ ಅವನಿಗೆ" ಎಂದು ಬೈದು, ಒಂದು ಚೀಲ ಅವರೆಕಾಯಿ ಕಳಿಸಿದಳು. ಅದನ್ನು ಅವನು ತೆಗೆದುಕೊಂಡ.

ಆ ವಾರವೇ ಅತ್ತೆ ತನಗೆ ಮಂಡಿನೋವು ಎಂದು ಸಾರಿ, ಮಾರುಕಟ್ಟೆಗೆ ಹೋಗುವುದನ್ನು ನಿಲ್ಲಿಸಿದಳು. ಮುನಿರಾಜು ಬೆಳಗಾಗುತ್ತಲೇ ಪ್ರತಿ ರಾಶಿಯಿಂದ ಒಂದೊಂದು ಗೂಡು ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ಬರತೊಡಗಿದ. ಅವನನ್ನು ಜಗಲಿಯಲ್ಲಿ ಕೂರಿಸಿ ಅತ್ತೆ ಒಳಗಿನ ಕೋಣೆಗೆ ಹೋಗುತ್ತಿದ್ದಳು. ಬಾಗಿಲು ಹಾಕಿಕೊಂಡು ಕೇಳಿ, ಹೊರಬಂದು ಹೇಳುತ್ತಿದ್ದಳು. ಬೇಡವೆನ್ನುವ ರಾಶಿಗಳು ಕಡಿಮೆಯಾದವು. "ಈಗೀಗ ರೈತರು ಸುಧಾರಿಸವ್ರೆ ಮೇಡಂ" ಎಂದ ಮುನಿರಾಜು. ಹೌದು ಎಂದೆ.

ಕಳೆದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡಳು. ಮೂರು ದಿನದ ಜ್ವರ, ಅಷ್ಟೆ. ಫಯಾಜ ಬಂದು ಗೇಟಿನ ಹತ್ತಿರ ಬಹಳ ಹೊತ್ತು ನಿಂತು ಹೋದ. ಮುನಿರಾಜು ನನ್ನ ಮುಂದೆ ಅತ್ತು, "ಅಂಥ ಕಿವಿ ಇನ್ನು ಹುಟ್ಟಲ್ಲ" ಎಂದ.

ಮೊನ್ನೆ ಕಾರು ಮತ್ತೆ ಬಿಸಿಯಾಯಿತು. ಚಿಂತಾಮಣಿಯ ಅದೇ ಅಂಗಡಿಯಿಂದ ಪಂಪು ತಂದು ಫಯಾಜನಿಗೆ ಕೊಟ್ಟೆ. ಅವನು ಡಬ್ಬಿ ಬಿಚ್ಚಿ, ಪಂಪನ್ನು ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ತಮಾಷೆಗಾಗಿ ಮಾಡಿದ ಹಾಗೆ ಕಾಣಲಿಲ್ಲ. ಆಮೇಲೆ ನನ್ನ ಕೈಗೆ ಕೊಟ್ಟ. ನಾನೂ ಹಾಗೆಯೇ ಮಾಡಿದೆ.

"ಸದ್ದಿಲ್ಲ" ಎಂದೆ.

"ಇಬ್ರೂ ಕೇಳಿದ್ದೀವಿ. ಕೆಟ್ರೆ ಕೂಲಿ ಅರ್ಧರ್ಧ."

ಆಗಲಿ ಎಂದೆ. ಆಮೇಲೆ ಯಾಕೋ ಇಬ್ಬರೂ ಕಾರಿನ ಹಿಂದಿನ ಸೀಟಿನ ಕಡೆ ನೋಡಿದೆವು. ಇಂಥ ಕರಾರಿಗೆ ಅಲ್ಲಿಂದ ಯಾರೂ ತಕರಾರು ತೆಗೆಯಲಿಲ್ಲ. ಫಯಾಜ ಸ್ವಲ್ಪ ಹೊತ್ತು ಕಾದು, ಸ್ಪ್ಯಾನರು ಎತ್ತಿಕೊಂಡ.